ಸೇಬಿನ ಕೆಂಪಿಗೆ ಲೆಕ್ಕವಿದೆ, ರುಚಿಗೆ ಯಾಕಿಲ್ಲ?

ಐರೋಪ್ಯ ಒಕ್ಕೂಟದಲ್ಲಿ ಹಣ್ಣು ತರಕಾರಿ ಮಾರಾಟಕ್ಕೆ ಸಂಬಂಧಿಸಿದ ಹೊಸ ನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. 2011ರ ಹಳೆಯ ನಿಯಮದ ಜಾಗಕ್ಕೆ ಬಂದದ್ದು ಇದು. ಸೇಬಿನ ಭಾಗವನ್ನು ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕೆಂಪು ತಳಿಯ ಸೇಬು ಅತ್ಯುತ್ತಮ ದರ್ಜೆಗೆ ಸೇರಬೇಕಾದರೆ ಸಿಪ್ಪೆಯ ಮುಕ್ಕಾಲು ಭಾಗ ಕೆಂಪಾಗಿರಬೇಕು ಎಂದು ಅಲ್ಲಿ ಖಚಿತವಾಗಿ ಬರೆದಿದೆ. ವ್ಯಾಸ ಎಷ್ಟು ಮಿಲಿಮೀಟರ್, ತೂಕ ಎಷ್ಟು ಗ್ರಾಂ ಎಂದೂ ಇದೆ. ಹಣ್ಣು ಎಷ್ಟು ಬಲಿತಿರಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ 'ಸಾಕಷ್ಟು' ಎಂಬ ಪದ ಸಿಗುತ್ತದೆ. ಅಂಕಿ ಸಿಗುವುದಿಲ್ಲ.

ತಿನ್ನುವವರಿಗೆ ಮುಖ್ಯ ರುಚಿ ಅಲ್ವಾ? ಹಾಗಿದ್ದರೆ ಬಣ್ಣವನ್ನು ಅಳೆದು ತೂಗಿ, ಬಲಿತದ್ದನ್ನು ಮಾತ್ರ ಯಾಕೆ ಅಂದಾಜಿಗೆ ಬಿಟ್ಟರು? ನಿಯಮ ಬರೆದವರು ಮರೆತದ್ದಲ್ಲ. ವರ್ಷಗಟ್ಟಲೆ ಚರ್ಚೆ ಮಾಡಿಯೇ ಹಾಗೆ ಬಿಟ್ಟದ್ದು. ಕಾರಣ ಅರ್ಥವಾಗಬೇಕಾದರೆ ನಿಯಮದ ಜೊತೆಗೆ ಸೇಬಿನ ಒಳಗೂ ಸ್ವಲ್ಪ ಇಣುಕಬೇಕು.

ನಿಯಮ ಬರೆಯುವವರು ಯಾರು

ಜಗತ್ತಿಗೆಲ್ಲ ಅನ್ವಯಿಸುವ ಒಂದೇ ಪುಸ್ತಕ ಇಲ್ಲ. ಜಿನೀವಾದಲ್ಲಿರುವ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ ಸೇಬಿಗೆ ಒಂದು ಮಾನದಂಡ ಬರೆದಿದೆ. ಐರೋಪ್ಯ ಒಕ್ಕೂಟದ ಕಾನೂನು ಹೆಚ್ಚುಕಮ್ಮಿ ಅದರ ಹಾದಿಯಲ್ಲೇ ಇದೆ. ಎರಡನೆಯದು ಕೋಡೆಕ್ಸ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಎರಡೂ ಸೇರಿ 1963ರಲ್ಲಿ ಕಟ್ಟಿದ ಆಯೋಗ ಇದು. ಇಲ್ಲಿ ಸೇಬಿನ ಮಾನದಂಡಕ್ಕೆ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಇವಲ್ಲದೆ ದೇಶಗಳದ್ದೇ ನಿಯಮಗಳೂ ಇವೆ. ಅಮೆರಿಕವಂತೂ ರಫ್ತಾಗುವ ಸೇಬಿಗೆ ಕನಿಷ್ಠ ದರ್ಜೆ ಇರಲೇಬೇಕೆಂದು 1933ರಲ್ಲೇ ಕಾನೂನು ಮಾಡಿತು.

ಕೋಡೆಕ್ಸ್ ಮಾನದಂಡವನ್ನು ಪಾಲಿಸಲೇಬೇಕೆಂಬ ಕಡ್ಡಾಯ ಯಾವ ದೇಶಕ್ಕೂ ಇಲ್ಲ. ಹಾಗಂತ ಅದು ಬರೀ ಕಾಗದವೂ ಅಲ್ಲ. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಹುಟ್ಟಿದಾಗ ವ್ಯಾಪಾರಕ್ಕೆ ತಾಂತ್ರಿಕ ಅಡೆತಡೆ ಒಡ್ಡುವುದರ ಬಗ್ಗೆ ಒಂದು ಒಪ್ಪಂದ ಆಯಿತು. ಒಂದು ವಸ್ತುವಿಗೆ ಅಂತರರಾಷ್ಟ್ರೀಯ ಮಾನದಂಡ ಇದ್ದರೆ, ದೇಶಗಳು ತಮ್ಮ ನಿಯಮವನ್ನು ಅದರ ಆಧಾರದ ಮೇಲೆ ಮಾಡಬೇಕು ಎನ್ನುತ್ತದೆ ಆ ಒಪ್ಪಂದ. ಹಾಗಾಗಿ ಮಾನದಂಡದಲ್ಲಿ ಬರುವ ಒಂದು ಅಂಕಿ ನಾಳೆ ಎರಡು ದೇಶಗಳ ಜಗಳದಲ್ಲಿ ಸಾಕ್ಷಿಯಾಗಿ ನಿಲ್ಲಬಹುದು. ಸಮಿತಿಯಲ್ಲಿ ಒಂದೊಂದು ಪದಕ್ಕೂ ಗುದ್ದಾಟ ಆಗುವುದು ಇದಕ್ಕೇ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡಬೇಕು. ಕೀಟನಾಶಕದ ಉಳಿಕೆ, ಹಣ್ಣಿನ ಜೊತೆ ಬರುವ ಹುಳು ರೋಗ, ಇವೆಲ್ಲ ಬೇರೆ ಕಾನೂನಿನ ವಿಷಯ. ಈಗ ಮಾತಾಡುತ್ತಿರುವುದು ಗುಣಮಟ್ಟದ ಬಗ್ಗೆ ಮಾತ್ರ. 'ದರ್ಜೆ ಸಿಗಲಿಲ್ಲ' ಅಂದರೆ 'ತಿನ್ನಲು ಯೋಗ್ಯವಲ್ಲ' ಎಂದು ಅರ್ಥವಲ್ಲ.

ಅಂಕಿ ಎಲ್ಲೆಲ್ಲಿ ಇದೆ

ದರ್ಜೆ ಮೂರು: ಎಕ್ಸ್‌ಟ್ರಾ, ಒಂದು, ಎರಡು. ಕೆಂಪು ತಳಿಗಳಿಗೆ ಸಿಪ್ಪೆಯ ಮುಕ್ಕಾಲು ಕೆಂಪಿದ್ದರೆ ಎಕ್ಸ್‌ಟ್ರಾ, ಅರ್ಧ ಇದ್ದರೆ ಒಂದನೇ ದರ್ಜೆ, ಕಾಲು ಭಾಗ ಇದ್ದರೆ ಎರಡನೇ ದರ್ಜೆ. ಕೆಂಪು ಹಳದಿ ಬೆರೆತ ತಳಿಗಳಿಗೆ ಇದಕ್ಕಿಂತ ಕಡಿಮೆ ಸಾಕು. ಹಸಿರು ಸೇಬಿಗೆ ಕೆಂಪಿನ ಷರತ್ತೇ ಇಲ್ಲ. ಎಷ್ಟು ತಪ್ಪನ್ನು ಕ್ಷಮಿಸಬಹುದು ಎಂಬುದಕ್ಕೂ ಲೆಕ್ಕವಿದೆ. ಎಕ್ಸ್‌ಟ್ರಾ ದರ್ಜೆಯ ಸರಕಿನಲ್ಲಿ ನೂರಕ್ಕೆ 5, ಉಳಿದೆರಡರಲ್ಲಿ ನೂರಕ್ಕೆ 10 ಹಣ್ಣು ದರ್ಜೆ ತಪ್ಪಿದರೂ ನಡೆಯುತ್ತದೆ.

ಗಾತ್ರದ ನಿಯಮದಲ್ಲಿ ಒಂದು ಜಾಣತನ ಇದೆ. ಸೇಬಿನ ವ್ಯಾಸ ಕನಿಷ್ಠ 60 ಮಿಲಿಮೀಟರ್ ಇರಬೇಕು, ಇಲ್ಲವೇ ತೂಕ 90 ಗ್ರಾಂ ಇರಬೇಕು. ಅದಕ್ಕಿಂತ ಚಿಕ್ಕದಾದರೆ? ರಸದ ಸಿಹಿಯ ಅಳತೆ 10.5 ಬ್ರಿಕ್ಸ್ ಮುಟ್ಟಿದ್ದರೆ 50 ಮಿಲಿಮೀಟರ್ ಅಥವಾ 70 ಗ್ರಾಂವರೆಗೆ ಒಪ್ಪಬಹುದು. ಅಂದರೆ ಗಾತ್ರದಲ್ಲಿ ಕಳೆದುಕೊಂಡದ್ದನ್ನು ರುಚಿಯಲ್ಲಿ ತುಂಬಿಕೊಡಬಹುದು. ಇಡೀ ಮಾನದಂಡದಲ್ಲಿ ಸಿಹಿಗೆ ಅಂಕಿ ಸಿಗುವುದು ಇದೊಂದೇ ಕಡೆ. ಅದೂ ಚಿಕ್ಕ ಹಣ್ಣಿಗೆ ಮಾತ್ರ. ದೊಡ್ಡ ಸೇಬು ಸಪ್ಪೆಯಾಗಿದ್ದರೆ ಈ ಷರತ್ತು ಅದನ್ನು ಕೇಳುವುದೇ ಇಲ್ಲ!

ಬಲಿತಿರುವ ಬಗ್ಗೆ ನಿಯಮ ಹೇಳುವುದಿಷ್ಟು: ಹಣ್ಣು ಸಾಕಷ್ಟು ಬೆಳೆದಿರಬೇಕು, ಮುಂದೆ ಮಾಗುತ್ತಾ ಹೋಗಿ ಆ ತಳಿಗೆ ತಕ್ಕ ಹದ ಮುಟ್ಟುವಂತಿರಬೇಕು. ಇದನ್ನು ಪರೀಕ್ಷಿಸಲು ರೂಪ, ರುಚಿ, ಗಟ್ಟಿತನ, ಬ್ರಿಕ್ಸ್ ಇವನ್ನೆಲ್ಲ ನೋಡಬಹುದು. 'ನೋಡಬೇಕು' ಎಂದಿಲ್ಲ, 'ನೋಡಬಹುದು' ಎಂದಿದೆ.

ಬಲಿಯುವುದು ಬೇರೆ, ಮಾಗುವುದು ಬೇರೆ

ಈ ವಿಷಯದಲ್ಲಿ ಕನ್ನಡದಲ್ಲಿ ಯೋಚಿಸುವವರಿಗೆ ಸ್ವಲ್ಪ ಅನುಕೂಲ ಇದೆ. ಎಳೆಗಾಯಿ, ಬಲಿತ ಕಾಯಿ, ದೋರೆಗಾಯಿ, ಮಾಗಿದ ಹಣ್ಣು, ಕಳಿತ ಹಣ್ಣು ಎಂದು ನಮ್ಮಲ್ಲಿ ಒಂದೊಂದು ಹಂತಕ್ಕೂ ಹೆಸರಿದೆ. ಬಲಿತ ಕಾಯಿ ಅಂದರೆ ಕಿತ್ತಿಟ್ಟರೂ ಮುಂದೆ ಹಣ್ಣಾಗುವ ಶಕ್ತಿ ಬಂದಿರುವ ಕಾಯಿ. ಮಾಗಿದ್ದು ಅಂದರೆ ತಿನ್ನುವ ಹದಕ್ಕೆ ಬಂದದ್ದು. ವ್ಯಾಪಾರದ ನಿಯಮ ಹಿಡಿಯಲು ಹೊರಟಿರುವುದು ಮೊದಲನೆಯದನ್ನು. ಗ್ರಾಹಕ ಕೇಳುವುದು ಎರಡನೆಯದನ್ನು.

ಸೇಬು ಕಿತ್ತ ಮೇಲೂ ಮಾಗುವ ಜಾತಿ. ಅದರೊಳಗೆ ಎಥಿಲೀನ್ ಎಂಬ ಅನಿಲ ತಾನಾಗಿಯೇ ಹುಟ್ಟುತ್ತದೆ. ಆ ಅನಿಲ ಒಮ್ಮೆ ಏರತೊಡಗಿದರೆ ಉಸಿರಾಟ ಜೋರಾಗುತ್ತದೆ, ಪಿಷ್ಟ ಕರಗಿ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ತಿರುಳು ಮೆತ್ತಗಾಗುತ್ತದೆ, ಪರಿಮಳ ಹುಟ್ಟುತ್ತದೆ. ಇಷ್ಟೂ ಬದಲಾವಣೆ ಒಂದೇ ವೇಗದಲ್ಲಿ ನಡೆಯುವುದಿಲ್ಲ.

ತೀರಾ ಮುಂಚೆ ಕಿತ್ತರೆ ಸಾಕಷ್ಟು ಸಿಹಿ, ಪರಿಮಳ ಬರುವುದೇ ಇಲ್ಲ. ಸಂಗ್ರಹದಲ್ಲಿ ಸಿಪ್ಪೆ ಸುಟ್ಟಂತೆ ಕಂದಾಗುವ ತೊಂದರೆ, ಸಿಪ್ಪೆಯ ಕೆಳಗೆ ಕಹಿ ಚುಕ್ಕೆ ಬೀಳುವ ತೊಂದರೆ ಜಾಸ್ತಿ. ತಡವಾಗಿ ಕಿತ್ತರೆ ಆ ದಿನ ತಿನ್ನಲು ಸೊಗಸು, ಆದರೆ ಬಹಳ ಕಾಲ ಇಡಲಾಗುವುದಿಲ್ಲ. ತಿರುಳು ಹಿಟ್ಟುಹಿಟ್ಟಾಗುತ್ತದೆ, ಒಳಗೆ ಕಂದು ತಿರುಗುತ್ತದೆ. ಹತ್ತಿರದ ಪೇಟೆಗೆ ಹೋಗುವ ಹಣ್ಣಿಗೂ, ವಾರಗಟ್ಟಲೆ ಹಡಗಿನಲ್ಲಿ ಹೋಗುವ ಹಣ್ಣಿಗೂ, ಆರೇಳು ತಿಂಗಳು ಶೀತಲಗೃಹದಲ್ಲಿ ಕೂರುವ ಹಣ್ಣಿಗೂ ಸರಿಯಾದ ಕೊಯ್ಲಿನ ದಿನ ಒಂದೇ ಅಲ್ಲ. ಒಂದೇ ಮರದ ಸೇಬಿಗೂ ಈ ಮಾತು ನಿಜ. ಹಾಗಾದರೆ ಒಂದು ಅಂಕಿ ಹಾಕಿದರೆ ಅದು ಇವರಲ್ಲಿ ಯಾರ ಅಂಕಿ?

ಮೂರು ಪರೀಕ್ಷೆ, ಮೂರು ಉತ್ತರ

ತೋಟದಲ್ಲಿ ಹೆಚ್ಚು ನಂಬುವುದು ಅಯೋಡಿನ್ ಪರೀಕ್ಷೆಯನ್ನು. ಸೇಬನ್ನು ಅಡ್ಡಲಾಗಿ ಕತ್ತರಿಸಿ ಅಯೋಡಿನ್ ದ್ರಾವಣ ಹಚ್ಚಬೇಕು. ಪಿಷ್ಟ ಇರುವಲ್ಲಿ ಕಪ್ಪು ನೀಲಿ ಬಣ್ಣ ಏರುತ್ತದೆ. ಸಕ್ಕರೆಯಾಗಿರುವಲ್ಲಿ ಬಣ್ಣ ಏರುವುದಿಲ್ಲ. ಪಿಷ್ಟ ಕರಗುವುದು ಬೀಜದ ಗೂಡಿನ ಕಡೆಯಿಂದ ಹೊರಕ್ಕೆ. ಕಪ್ಪು ಎಷ್ಟು ಉಳಿದಿದೆ ನೋಡಿ ಅಂಕ ಕೊಡುತ್ತಾರೆ. ತೊಂದರೆ ಏನೆಂದರೆ ಒಬ್ಬರ ಪಟ್ಟಿ 1ರಿಂದ 8, ಇನ್ನೊಬ್ಬರದು 1ರಿಂದ 10, ಮತ್ತೊಬ್ಬರದು 1ರಿಂದ 6. ಪಟ್ಟಿ ಯಾವುದೆಂದು ಹೇಳದೆ 'ಪಿಷ್ಟದ ಅಂಕ 5' ಎಂದರೆ ಅದಕ್ಕೆ ಅರ್ಥವೇ ಇಲ್ಲ. ಜೊತೆಗೆ, ಬಂದರಿಗೆ ಬರುವಷ್ಟರಲ್ಲಿ ಪಿಷ್ಟವೆಲ್ಲ ಕರಗಿರಬಹುದು. ತೋಟದಲ್ಲಿ ಒಳ್ಳೆಯದಾದ ಪರೀಕ್ಷೆ ಬಂದರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಬ್ರಿಕ್ಸ್ ಅಳೆಯುವುದು ಸುಲಭ. ರಿಫ್ರ್ಯಾಕ್ಟೋಮೀಟರ್ ಮೇಲೆ ಒಂದೆರಡು ಹನಿ ರಸ ಬಿಟ್ಟರೆ ಸಾಕು. 10.5 ಬ್ರಿಕ್ಸ್ ಅಂದರೆ ಸುಮಾರಾಗಿ 100 ಗ್ರಾಂ ರಸದಲ್ಲಿ 10.5 ಗ್ರಾಂ ಕರಗಿದ ಪದಾರ್ಥ, ಬಹುಪಾಲು ಸಕ್ಕರೆ. ಆದರೆ ಪಿಷ್ಟ ಇನ್ನೂ ಕರಗದ ಹಣ್ಣು ಇವತ್ತು ಕಡಿಮೆ ತೋರಿಸಿ ತಿಂಗಳ ನಂತರ ಜಾಸ್ತಿ ತೋರಿಸಬಹುದು. ನೀರು ಕಡಿಮೆ ಬಿದ್ದ ತೋಟದ ಹಣ್ಣು ಬಲಿಯದೆಯೂ ಸಿಹಿ ತೋರಿಸಬಹುದು. ಒಂದೇ ಹಣ್ಣಿನಲ್ಲಿ ಬಿಸಿಲು ಬಿದ್ದ ಮಗ್ಗುಲಿಗೂ ನೆರಳಿನ ಮಗ್ಗುಲಿಗೂ ವ್ಯತ್ಯಾಸ ಇರುತ್ತದೆ. ಹುಳಿಯನ್ನಂತೂ ಬ್ರಿಕ್ಸ್ ಹೇಳುವುದೇ ಇಲ್ಲ. ಗ್ರ್ಯಾನಿ ಸ್ಮಿತ್‌ನಂಥ ಹುಳಿ ಸೇಬಿನ ರುಚಿ ಅರ್ಧ ನಿಂತಿರುವುದೇ ಹುಳಿಯ ಮೇಲೆ.

ಗಟ್ಟಿತನ ನೋಡುವ ಪೆನೆಟ್ರೋಮೀಟರ್ ಮೂಲತಃ 1925ರ ಹೊತ್ತಿಗೆ ಅಮೆರಿಕದ ಕೃಷಿ ಇಲಾಖೆಯಲ್ಲಿ ರೂಪುಗೊಂಡದ್ದು. ಸಿಪ್ಪೆ ಸುಲಿದ ಜಾಗದಲ್ಲಿ 11 ಮಿಲಿಮೀಟರ್ ದಪ್ಪದ ಕಡ್ಡಿಯನ್ನು ಒತ್ತಿ, ಎಷ್ಟು ಬಲ ಬೇಕಾಯಿತು ಎಂದು ನೋಡುತ್ತಾರೆ. ಜೋರಾಗಿ ಒತ್ತಿದರೆ ಒಂದು ಅಂಕಿ, ನಿಧಾನಕ್ಕೆ ಒತ್ತಿದರೆ ಇನ್ನೊಂದು. ದೊಡ್ಡ ಹಣ್ಣು ಸಾಮಾನ್ಯವಾಗಿ ಮೆತ್ತಗೆ, ಚಿಕ್ಕದು ಗಟ್ಟಿ. ಹೀಗಾಗಿ ಮೂರನ್ನೂ ಕೂಡಿಸಿ ನೋಡುವ ಒಂದು ಸೂತ್ರ ಇದೆ. ಗಟ್ಟಿತನವನ್ನು ಬ್ರಿಕ್ಸ್ ಮತ್ತು ಪಿಷ್ಟದ ಅಂಕಗಳ ಗುಣಲಬ್ಧದಿಂದ ಭಾಗಿಸುತ್ತಾರೆ. ಸ್ಟ್ರೈಫ್ ಸೂಚ್ಯಂಕ ಎಂದು ಅದರ ಹೆಸರು. ಕೊಯ್ಲಿನ ದಿನ ಗೊತ್ತುಮಾಡಲು ಅದು ಒಳ್ಳೆಯದು. ಆದರೆ ಅದರ ಸರಿಯಾದ ಬೆಲೆಯೂ ತಳಿಯಿಂದ ತಳಿಗೆ ಬೇರೆ.

ಬೇರೆ ಹಣ್ಣಿಗೆ ಆದದ್ದು ಸೇಬಿಗೆ ಯಾಕೆ ಆಗಲಿಲ್ಲ

ಅಂಕಿ ಹಾಕುವುದು ಸಾಧ್ಯವೇ ಇಲ್ಲ ಎಂದೇನೂ ಅಲ್ಲ. ಅದೇ ಐರೋಪ್ಯ ನಿಯಮದಲ್ಲಿ ಪೀಚ್ ಹಣ್ಣಿಗೆ ಕನಿಷ್ಠ 8 ಬ್ರಿಕ್ಸ್ ಎಂದಿದೆ. ಬೀಜವಿಲ್ಲದ ದ್ರಾಕ್ಷಿಗೆ 14. ದ್ರಾಕ್ಷಿಯ ಲೆಕ್ಕ ಸರಳ. ಕಿತ್ತ ಮೇಲೆ ಅದು ಸಿಹಿಯಾಗುವುದಿಲ್ಲ, ಕೊಯ್ದ ದಿನದ ಅಂಕಿಯೇ ಕೊನೆಯ ಅಂಕಿ.

ಕಿವಿ ಹಣ್ಣಿನದು ಇನ್ನೂ ಕುತೂಹಲದ ಸಂಗತಿ. ಅದೂ ಸೇಬಿನಂತೆ ಕಿತ್ತ ಮೇಲೆ ಮಾಗುವ ಹಣ್ಣು. ಅದರ ನಿಯಮದಲ್ಲಿ ಎರಡು ಜಾಗಕ್ಕೆ ಎರಡು ಅಂಕಿ ಇದೆ. ಪ್ಯಾಕ್ ಮಾಡುವಾಗ 6.2 ಬ್ರಿಕ್ಸ್ ಅಥವಾ ಸರಾಸರಿ ನೂರಕ್ಕೆ 15 ಒಣ ಪದಾರ್ಥ ಇರಬೇಕು. ಅದು ಮಾರಾಟದ ಸರಪಳಿಗೆ ಬರುವಾಗ 9.5 ಬ್ರಿಕ್ಸ್ ಆಗುವಂತಿರಬೇಕು. ಒಣ ಪದಾರ್ಥ ಅಂದರೆ ನೀರು ತೆಗೆದರೆ ಉಳಿಯುವುದು. ಅದರಲ್ಲಿ ಪಿಷ್ಟವೂ ಲೆಕ್ಕಕ್ಕೆ ಬರುತ್ತದೆ. ಈಗ ಸಿಹಿ ಇಲ್ಲದಿದ್ದರೂ ಮುಂದೆ ಎಷ್ಟು ಸಿಹಿಯಾಗಬಹುದು ಎಂಬುದನ್ನು ಅದು ಮೊದಲೇ ಹೇಳುತ್ತದೆ. ಓಡುತ್ತಿರುವ ವಸ್ತುವನ್ನು ಅಳೆಯಲು ಇದು ಸರಿಯಾದ ದಾರಿ ಎಂದೇ ನನಗೆ ಅನಿಸುತ್ತದೆ.

ಸೇಬಿನಲ್ಲಿ ಇದನ್ನು ಮಾಡಲು ಅಡ್ಡಿ ಎರಡು. ಕಿವಿಯ ವ್ಯಾಪಾರ ನಡೆಯುವುದು ಬೆರಳೆಣಿಕೆಯ ತಳಿಗಳ ಮೇಲೆ. ಸೇಬಿನ ತಳಿಗಳು ಸಾವಿರಗಟ್ಟಲೆ. ಹುಳಿ ಸೇಬು, ಸಿಹಿ ಸೇಬು, ಬೇಯಿಸಲೆಂದೇ ಬೆಳೆಯುವ ಸೇಬು ಎಲ್ಲವೂ ಒಂದೇ ನಿಯಮದ ಕೆಳಗೆ ಬರುತ್ತವೆ. ಇನ್ನು ಕೊಯ್ಲಿಗೂ ತಿನ್ನುವುದಕ್ಕೂ ನಡುವೆ ಸೇಬಿಗೆ ಸುಮಾರು ಒಂದು ವರ್ಷದವರೆಗೂ ಅಂತರ ಇರಬಹುದು.

ಯಾರ ವಾದ ಏನು

ಅಂಕಿ ಬೇಕು ಎನ್ನುವವರ ಮುಖ್ಯ ಮಾತು ಹೀಗೆ: ಸುಗ್ಗಿಯ ಮೊದಲ ಸರಕಿಗೆ ಬೆಲೆ ಜಾಸ್ತಿ. ಹಾಗಾಗಿ ಬಲಿಯುವ ಮುಂಚೆಯೇ ಕಿತ್ತು ಕಳಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಆ ಸಪ್ಪೆ ಹಣ್ಣು ತಿಂದ ಗ್ರಾಹಕ ಮುಂದಿನ ವಾರ ಸೇಬನ್ನೇ ಬಿಡುತ್ತಾನೆ. ಅವಸರ ಮಾಡಿದವನಿಗೆ ಲಾಭ, ಕಾದು ಕಿತ್ತವನಿಗೆ ನಷ್ಟ. ಅಲ್ಲದೆ, 'ಸಾಕಷ್ಟು' ಎಂಬ ಪದ ಇದ್ದಾಗ ಒಬ್ಬ ತಪಾಸಣೆಗಾರ ಪಾಸು ಮಾಡಿದ್ದನ್ನು ಇನ್ನೊಬ್ಬ ತಡೆಯಬಹುದು. ಹಣ್ಣು ಕೊಳೆಯುವ ವಸ್ತು. ಜಗಳ ತೀರುವವರೆಗೆ ಅದು ಕಾಯುವುದಿಲ್ಲ.

ಬೇಡ ಎನ್ನುವವರದೂ ಗಟ್ಟಿ ವಾದವೇ. ಬಿಸಿಲು ಚೆನ್ನಾಗಿರುವ ಸೀಮೆಯಲ್ಲಿ ಸುಲಭವಾಗಿ ಬರುವ ಬ್ರಿಕ್ಸ್ ತಂಪು ಸೀಮೆಯಲ್ಲಿ ಬರುವುದಿಲ್ಲ. ಮೋಡ ಕವಿದ ಒಂದು ವರ್ಷ ಬಂದರೆ ಇಡೀ ಪ್ರದೇಶದ ಬೆಳೆ ಅಂಕಿಯ ಕೆಳಗೆ ಬೀಳಬಹುದು. ಆಗ ಗುಣಮಟ್ಟದ ಹೆಸರಿನಲ್ಲಿ ಬರೆದದ್ದು ಪ್ರತಿಸ್ಪರ್ಧಿಯನ್ನು ಹೊರಗಿಡುವ ಬೇಲಿಯಾಗುತ್ತದೆ. ಪರೀಕ್ಷೆ ಮಾಡಿದ ಹಣ್ಣು ಹಾಳಾಗುತ್ತದೆ, ಆದ್ದರಿಂದ ಕೆಲವೇ ಹಣ್ಣು ಕತ್ತರಿಸಿ ಸಾವಿರಾರು ಹಣ್ಣಿನ ಹಣೆಬರಹ ಬರೆಯಬೇಕಾಗುತ್ತದೆ.

ಮೂರನೆಯ ಗುಂಪು, ಅಂದರೆ ದೊಡ್ಡ ಖರೀದಿದಾರರು, ಈ ಗಲಾಟೆಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆ. ಅವರು ತಮ್ಮ ಒಪ್ಪಂದದಲ್ಲೇ ಗಟ್ಟಿತನ, ಬ್ರಿಕ್ಸ್ ಎರಡಕ್ಕೂ ಅಂಕಿ ಬರೆಸಿಕೊಳ್ಳುತ್ತಾರೆ. ಅಂದರೆ ಕಾನೂನು ಹಾಕದ ಅಂಕಿಯನ್ನು ಖರೀದಿದಾರ ಹಾಕುತ್ತಾನೆ. ಕಾನೂನಿನ ಅಂಕಿಯಾದರೆ ಸಮಿತಿಯಲ್ಲಿ ಬೆಳೆಗಾರರ ದೇಶಕ್ಕೂ ಮಾತಿರುತ್ತದೆ. ಒಪ್ಪಂದದ ಅಂಕಿಗೆ ಬೆಳೆಗಾರ ಸುಮ್ನೆ ಸಹಿ ಹಾಕಬೇಕು, ಅಷ್ಟೇ. ಅಂಕಿಯೇ ಬೇಡ ಎನ್ನುವವರು ಈ ಕಡೆ ಸಾಕಷ್ಟು ಗಮನ ಕೊಟ್ಟಂತಿಲ್ಲ.

ಬಣ್ಣದ ಅಂಕಿ ಮಾಡಿದ ಕೆಲಸ

ಯಾವುದಕ್ಕೆ ಅಂಕಿ ಇದೆಯೋ ಅದರ ಹಿಂದೆ ತೋಟ ಓಡುತ್ತದೆ. ಇದಕ್ಕೆ ರೆಡ್ ಡಿಲಿಷಿಯಸ್ ಕಥೆಗಿಂತ ದೊಡ್ಡ ಉದಾಹರಣೆ ಬೇಡ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಸಿಕ್ಕಿದ ಈ ತಳಿಯ ಮೂಲ ಹಣ್ಣು ಗೆರೆ ಗೆರೆಯಾಗಿ ಕೆಂಪು ಬಣ್ಣದ್ದು. 1920ರ ದಶಕದಿಂದ ಬೆಳೆಗಾರರು ಹೆಚ್ಚು ಕೆಂಪಾದ ಕೊಂಬೆಗಳನ್ನೇ ಆರಿಸಿ ಕಸಿ ಮಾಡುತ್ತಾ ಹೋದರು. ದಶಕಗಳ ಕಾಲ ಆರಿಸಿದ್ದು ಬಣ್ಣವನ್ನು. ಹಣ್ಣು ಪೂರ್ತಿ ಕಡುಗೆಂಪಾಯಿತು, ಸಿಪ್ಪೆ ದಪ್ಪ, ರುಚಿ ಸಪ್ಪೆ ಎಂಬ ದೂರೂ ಬೆಳೆಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಮೆರಿಕದ ಮೊದಲ ಸೇಬಾಗಿದ್ದ ಅದನ್ನು 2018ರಲ್ಲಿ ಗಾಲಾ ತಳಿ ಹಿಂದೆ ಹಾಕಿತು. ದರ್ಜೆಯ ನಿಯಮವೊಂದೇ ಇದಕ್ಕೆ ಕಾರಣ ಎನ್ನಲಾಗದು, ಕೆಂಪನ್ನೇ ನೋಡಿ ಕೊಂಡವರ ಪಾಲೂ ಇದೆ. ಆದರೆ ಕೆಂಪಿಗೆ ಬೆಲೆ ಕಟ್ಟಿ ರುಚಿಗೆ ಕಟ್ಟದಿದ್ದರೆ ದಾರಿ ಎತ್ತ ಹೋಗುತ್ತದೆ ಎಂದು ಇಲ್ಲಿ ಕಾಣುತ್ತದೆ.

ಇನ್ನೂ ಒಂದು ಸಂಗತಿ ಇದೆ. ಕೆಂಪಿಗೂ ಬಲಿಯುವುದಕ್ಕೂ ನೇರ ಸಂಬಂಧ ಇಲ್ಲ. ಸಿಪ್ಪೆ ಕೆಂಪಾಗಲು ಬೆಳಕು ಬೇಕು, ರಾತ್ರಿ ತಂಪು ಬೇಕು. ಗಾಢ ಕೆಂಪಿನ ತಳಿಗಳು ಬಲಿಯುವ ಎಷ್ಟೋ ಮುಂಚೆಯೇ ಕೆಂಪಾಗುತ್ತವೆ, ಆಗ ಬೇಗ ಕೀಳುವ ಆಸೆ. ರಾತ್ರಿ ಬೆಚ್ಚಗಿರುವ ಕಡೆ ಹಣ್ಣು ಬಲಿತರೂ ಕೆಂಪು ಏರುವುದಿಲ್ಲ. ಬಣ್ಣಕ್ಕಾಗಿ ಕಾಯುತ್ತಾ ಕೂತರೆ ಒಳಗೆ ಹಣ್ಣು ಕಳಿಯುತ್ತದೆ. ಭೂಮಿಯ ತಾಪ ಏರಿದಂತೆ ಈ ಎರಡನೆಯ ತೊಂದರೆ ಹೆಚ್ಚುತ್ತದೆ. ನೆಲಕ್ಕೆ ಬೆಳಕು ಚಿಮ್ಮಿಸುವ ಬಟ್ಟೆ ಹಾಸುವುದು, ಹಣ್ಣಿನ ಸುತ್ತಲಿನ ಎಲೆ ಕೀಳುವುದು, ಇವೆಲ್ಲ ಮುಕ್ಕಾಲು ಕೆಂಪು ಮುಟ್ಟಿಸಲು ಮಾಡುವ ಖರ್ಚು. ನಿಜವಾಗಿ ನೋಡಬೇಕಾದದ್ದು ಕೆಂಪಿನ ಹಿಂದಿರುವ ತಳದ ಬಣ್ಣವನ್ನು. ಅದು ಹಸಿರಿನಿಂದ ಹಳದಿಗೆ ತಿರುಗುವುದೇ ಬಲಿಯುತ್ತಿರುವುದರ ಗುರುತು.

ಶೀತಲಗೃಹ ತಂದ ತೊಡಕು

1920ರ ದಶಕದಲ್ಲಿ ಕೇಂಬ್ರಿಜ್‌ನ ಕಿಡ್ ಮತ್ತು ವೆಸ್ಟ್ ಎಂಬ ವಿಜ್ಞಾನಿಗಳು ಗಾಳಿಯ ಪಾಕವನ್ನೇ ಬದಲಿಸಿ ಸೇಬನ್ನು ಬಹುಕಾಲ ಇಡುವ ವಿಧಾನಕ್ಕೆ ತಳಪಾಯ ಹಾಕಿದರು. ಈಗ ಸಾಮಾನ್ಯವಾಗಿ ಆಮ್ಲಜನಕವನ್ನು ನೂರಕ್ಕೆ 1ರಿಂದ 3ರವರೆಗೆ ಇಳಿಸಿ, ತಂಪಿನಲ್ಲಿಡುತ್ತಾರೆ. ಇದರ ಜೊತೆಗೆ 2002ರಿಂದ ಅಮೆರಿಕದಲ್ಲಿ, ನಂತರ ಇತರ ದೇಶಗಳಲ್ಲಿ, 1-ಎಂಸಿಪಿ ಎಂಬ ಅನಿಲದ ಬಳಕೆ ಬಂತು. ಎಥಿಲೀನ್ ಅಂಟಿಕೊಳ್ಳಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತದೆ. ಮಾಗು ಎಂಬ ಸಂದೇಶ ಹಣ್ಣಿಗೆ ಮುಟ್ಟುವುದೇ ಇಲ್ಲ. ತಿಂಗಳುಗಳ ನಂತರವೂ ಸೇಬು ಕರುಂ ಕುರುಂ ಎನ್ನುತ್ತದೆ.

ಇದರಿಂದ ಹಾಳಾಗುವ ಹಣ್ಣು ಕಡಿಮೆಯಾಯಿತು, ಅದು ಸಣ್ಣ ಲಾಭವಲ್ಲ. ಆದರೆ ಪರಿಮಳ ಹುಟ್ಟುವುದೂ ಎಥಿಲೀನ್‌ನಿಂದಲೇ ಅಲ್ವಾ? ಗಟ್ಟಿತನ ಉಳಿಯಿತು, ಪರಿಮಳ ತಗ್ಗಿತು. ಮೊದಲೆಲ್ಲ ಹಳೆಯ ಸೇಬು ಮೆತ್ತಗಿರುತ್ತಿತ್ತು, ಒತ್ತಿ ನೋಡಿದರೆ ಗೊತ್ತಾಗುತ್ತಿತ್ತು. ಈಗ ಎಳೆಯದಾಗಿ ಕಿತ್ತು ಈ ಅನಿಲ ಕೊಟ್ಟ ಸೇಬು ಗಟ್ಟಿತನದ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಆದ್ದರಿಂದ ಬರೀ ಗಟ್ಟಿತನಕ್ಕೆ ಅಂಕಿ ಹಾಕಿದರೆ ಅದು ಬೇಗ ಕೀಳುವವರಿಗೇ ಬಹುಮಾನ ಕೊಟ್ಟಂತೆ.

ಫ್ಯೂಜಿಗೆ ಕೊಟ್ಟ ವಿನಾಯಿತಿ

ತಳಿಗೆ ತಕ್ಕ ನಿಯಮ ಬರೆಯುವುದು ಆಗದ ಕೆಲಸ ಎನ್ನುವವರಿಗೆ ಮಾನದಂಡದ ಒಳಗೇ ಉತ್ತರ ಇದೆ. ಕೆಲವು ಸೇಬಿನ ತಿರುಳಿನಲ್ಲಿ ಗಾಜಿನಂತೆ ಹೊಳೆಯುವ ಮಚ್ಚೆ ಕಾಣುತ್ತದೆ. ಕೋಶಗಳ ನಡುವೆ ಸಾರ್ಬಿಟಾಲ್ ಎಂಬ ಸಿಹಿ ದ್ರವ ತುಂಬಿಕೊಂಡದ್ದು ಅದು. ಹೆಚ್ಚಾದರೆ ಅದನ್ನು ದೋಷ ಎಂದು ನಿಯಮ ತಳ್ಳುತ್ತದೆ, ಸಂಗ್ರಹದಲ್ಲಿ ಅದು ಕಂದು ತಿರುಗುತ್ತದೆ ಎಂಬ ಕಾರಣಕ್ಕೆ. ಆದರೆ ಫ್ಯೂಜಿ ಮತ್ತು ಅದರಿಂದ ಬಂದ ತಳಿಗಳಿಗೆ ವಿನಾಯಿತಿ ಇದೆ. ಜಪಾನಿನಲ್ಲಿ ಅದನ್ನು ಜೇನು ತುಂಬಿದ ಸೇಬು ಎಂದು ಹುಡುಕಿ ಕೊಳ್ಳುತ್ತಾರೆ. ಒಂದು ತಳಿಗೆ ಹೀಗೆ ಬರೆಯಲು ಬರುತ್ತದೆ ಅಂದಮೇಲೆ, ವ್ಯಾಪಾರದಲ್ಲಿ ಹೆಚ್ಚು ಓಡಾಡುವ ಹತ್ತಿಪ್ಪತ್ತು ತಳಿಗಳನ್ನು ಮೂರ್ನಾಲ್ಕು ಗುಂಪು ಮಾಡಿ, ಕಿವಿಯಂತೆ ಪ್ಯಾಕಿಂಗ್ ಹಂತಕ್ಕೆ ಒಂದು, ಮಾರಾಟದ ಹಂತಕ್ಕೆ ಒಂದು ಕನಿಷ್ಠ ಅಂಕಿ ಇಡುವುದು ಅಸಾಧ್ಯವೇನೂ ಅಲ್ಲ. ಅಳೆಯುವ ವಿಧಾನವನ್ನು ಮಾತ್ರ ಅಂಕಿಯ ಜೊತೆಗೇ ಬರೆಯಬೇಕು. ಉಳಿದ ತಳಿಗಳಿಗೆ ಈಗಿನ 'ಸಾಕಷ್ಟು' ಇರಲಿ.

ಮುಂದೆ ಏನಾಗಬಹುದು

ಐರೋಪ್ಯ ಒಕ್ಕೂಟ 2009ರಲ್ಲಿ ಸೊಟ್ಟ ಸೌತೆಕಾಯಿ ಸೇರಿದಂತೆ 26 ಹಣ್ಣು ತರಕಾರಿಗಳ ವಿವರ ನಿಯಮಗಳನ್ನು ಕೈಬಿಟ್ಟಿತು. ಉಳಿಸಿಕೊಂಡ 10ರಲ್ಲಿ ಸೇಬು ಒಂದು. ವ್ಯಾಪಾರ ದೊಡ್ಡದು, ಹೀಗಾಗಿ ಬಿಡಲು ಮನಸ್ಸಾಗಲಿಲ್ಲ. 2030ರ ಹೊತ್ತಿಗೆ ಅಂಗಡಿ ಮತ್ತು ಮನೆಗಳಲ್ಲಿ ಪೋಲಾಗುವ ಆಹಾರವನ್ನು ಅರ್ಧಕ್ಕೆ ಇಳಿಸಬೇಕೆಂಬ ವಿಶ್ವಸಂಸ್ಥೆಯ ಗುರಿ ಇರುವಾಗ, ರೂಪದ ಷರತ್ತು ಸಡಿಲಿಸಿ ಎಂಬ ಒತ್ತಡ ಸೇಬಿನ ಮೇಲೂ ಬೀಳುತ್ತಿದೆ. ಬಣ್ಣ, ಗಾತ್ರ ಸಡಿಲವಾದರೆ ಖರೀದಿದಾರ ಬೇರೆ ಯಾವುದೋ ಭರವಸೆ ಕೇಳುತ್ತಾನೆ. ಆಗ ರುಚಿಯ ಅಂಕಿ ತಾನಾಗಿ ಮುಂದೆ ಬರುತ್ತದೆ.

ಅದಕ್ಕೆ ಬೇಕಾದ ಯಂತ್ರವೂ ಬಂದಿದೆ. ದೊಡ್ಡ ಪ್ಯಾಕಿಂಗ್ ಮನೆಗಳಲ್ಲಿ ಅವಕೆಂಪು ಬೆಳಕನ್ನು ಹಾಯಿಸಿ, ಹಣ್ಣನ್ನು ಕತ್ತರಿಸದೆ ಒಂದೊಂದರ ಸಿಹಿಯನ್ನೂ ಒಳಗಿನ ಕಂದನ್ನೂ ಅಂದಾಜು ಮಾಡುತ್ತಾರೆ. ಕೆಲವೇ ಹಣ್ಣು ಕತ್ತರಿಸಿ ಉಳಿದದ್ದನ್ನು ಊಹಿಸುತ್ತೇವೆ ಎಂಬ ಹಳೆಯ ಆಕ್ಷೇಪ ಇಲ್ಲಿ ಬಿದ್ದುಹೋಗುತ್ತದೆ. ನೂರಕ್ಕೆ ಹತ್ತರ ರಿಯಾಯಿತಿಯನ್ನೂ ಮತ್ತೆ ಯೋಚಿಸಬೇಕಾಗುತ್ತದೆ, ಏಕೆಂದರೆ ತಪ್ಪಿದ ಹತ್ತು ಹಣ್ಣು ಯಾವುವು ಎಂದು ಯಂತ್ರಕ್ಕೆ ಮೊದಲೇ ಗೊತ್ತಿರುತ್ತದೆ. ಸಣ್ಣ ಬೆಳೆಗಾರರ ಬಳಿ ಈ ಯಂತ್ರ ಇಲ್ಲ. ಅವರ ಬಳಿ ಇರುವುದು ಚಾಕು, ಅಯೋಡಿನ್ ಬಾಟಲಿ, ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್. ಮುಂದಿನ ಸುತ್ತಿನ ಚರ್ಚೆಯಲ್ಲಿ ಅಂಕಿ 10.5 ಇರಲಿ, 11 ಇರಲಿ, ಅದನ್ನು ತೋರಿಸಲು ಈ ಮೂರು ಸಾಮಾನು ಸಾಕು ಎಂದು ನಿಯಮದಲ್ಲಿ ಬರೆಯುತ್ತಾರಾ ಇಲ್ಲವಾ ಎಂಬುದರ ಮೇಲೆ ಅವರ ಹಣ್ಣು ಹಡಗು ಹತ್ತುವುದು ನಿಂತಿದೆ.